ಟಿವಿಯೊಳಗಿನ ಮದುಮಗಳಿಗೆ ಉಡಿ

ಹನ್ನೊಂದು ಮಂದಿ ಹೆಂಗಸರು ಗಂಟು ಹಿಡಿದು ಒಬ್ಬರ ಹಿಂದೊಬ್ಬರು ಬಂದಾಗಲೇ ಶೀತಲಳಿಗೆ ಅನುಮಾನ ಬಂತು. ಮುಂದಿದ್ದ ಗದಿಗೆಮ್ಮನ ಗಂಟನ್ನು ಬಾಗಿಲಲ್ಲೇ ಬಿಚ್ಚಿಸಿದಳು. ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಕುಬಸದ ಖಣ.

“ಇದೆಲ್ಲಾ ಯಾರಿಗೆ, ಗದಿಗೆಮ್ಮಕ್ಕ?”

“ಹೆಣ್ಣುಮಗಳಿಗವ್ವ. ಬರೇ ಉಡಿಲೆ ಕಳಸಾಕ ಬರತೈತೇನು?”

ಶೀತಲ ತುಟಿ ಕಚ್ಚಿ ನಗು ತಡೆದಳು. ಮದುವೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ, ರಾಣಿಯ ಮೊಮ್ಮಗನದು. ಇವರು ಅದನ್ನು ನೋಡಲು ಬಂದದ್ದು ಜೀಡಿಮೆಟ್ಲಾದ ಹೊಲಿಗೆ ಕೇಂದ್ರದ ಹಳೆಯ ಟಿವಿಯಲ್ಲಿ. ಕಟ್ಟಡದ ಕೂಲಿ ಬಿಟ್ಟು, ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಗಾಜಿನ ಪೆಟ್ಟಿಗೆಯೊಳಗಿನ ಮದುಮಗಳಿಗೆ ಉಡಿ ತುಂಬಲು ಹೊರಟಿದ್ದರು. ಶೀತಲ ಮಾದಾಪುರದ ತನ್ನ ಆಫೀಸಿನ ಗೆಳತಿಯರಿಗೆ ಮೆಸೇಜು ಕಳಿಸಿದಳು. ಅತ್ತಲಿಂದಲೂ ನಗು ಬಂತು. ತನ್ನ ಅಜ್ಜಿಯೂ ಇವರು ಕೂಲಿಗೆಂದು ಬಿಟ್ಟು ಬಂದ ಗುಲ್ಬರ್ಗ ಸೀಮೆಯವಳೇ ಎಂದು ಮಾತ್ರ ಆಫೀಸಿನಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

ಇವತ್ತು ಅವಳಿಗೆ ಬೇಕಾಗಿದ್ದುದು ಒಂದು ಸಹಿ. ಇಂಗ್ಲೆಂಡಿನ ಕಾಲೇಜೊಂದರಲ್ಲಿ ಒಂದು ವರ್ಷದ ಉಚಿತ ಓದು. ಅರ್ಜಿಗೆ ಸೋಮವಾರ ಕೊನೆಯ ದಿನ. ಕೊನೆಯ ಹಾಳೆಯಲ್ಲಿ, ಸೇವೆಯಲ್ಲಿರುವ ಮಿಷನರಿಯೊಬ್ಬರ ಶಿಫಾರಸು. ಅದಕ್ಕಾಗಿಯೇ ಎರಡು ವರ್ಷ ಪ್ರತಿ ಶನಿವಾರ ಇಲ್ಲಿಗೆ ಬಂದು ಈ ಕೇಂದ್ರ ನಡೆಸುವ ಮಿಷನರಿ ಮಿಸ್ ಹಿಲ್ಡಾರ ಪತ್ರಗಳನ್ನು ಟೈಪು ಮಾಡಿದ್ದಳು. ಅವರ ಮಾತನ್ನು ಹೆಂಗಸರಿಗೆ ಅನುವಾದಿಸಿದ್ದಳು. ಇಪ್ಪತ್ತಾರು ವರ್ಷದಿಂದ ಇವರ ನಡುವೆ ಇದ್ದ ಹಿಲ್ಡಾ ಇವರ ಕನ್ನಡವನ್ನು ಅವಳಿಗಿಂತ ಚೆನ್ನಾಗಿ ಆಡುತ್ತಿದ್ದರು. ಆದರೂ ಅನುವಾದ ನಡೆದೇ ಇತ್ತು. ಅರ್ಜಿಯಲ್ಲಿ ತುಂಬಲು ಏನಾದರೂ ಬೇಕಲ್ಲ. ಈಚೆಗೆ ಮೂರು ನಾಲ್ಕು ವಾರ ಟೈಪು ಮಾಡಲು ಪತ್ರವೇ ಇರಲಿಲ್ಲ. ಪೀಡೆ ತಪ್ಪಿತು ಎಂದುಕೊಂಡಿದ್ದಳು.

ಒಳಗೆ ಕಾಗದದ ಬಾವುಟಗಳ ತೋರಣ. ಪುಸ್ತಕದ ಕಪಾಟು ಖಾಲಿ. ಟಿವಿ ಇಡಲು ತೆರವು ಮಾಡಿರಬೇಕು. ಎಂಟು ಹೊಲಿಗೆ ಯಂತ್ರಗಳಲ್ಲಿ ಒಂದೂ ಕಾಣಲಿಲ್ಲ. ಕುರ್ಚಿ ಹಾಕಲು ಜಾಗ ಬೇಕಾಯಿತೇನೋ. ಬಡವರ ಸೇವೆ ಎಂದು ಇಷ್ಟು ದೂರ ಬಂದವರು, ಅರಮನೆಯ ಮದುವೆ ಎಂದೊಡನೆ ಮನೆಯನ್ನೇ ಬೋಳಿಸಿಕೊಂಡು ಕೂತಿದ್ದಾರೆ. ಈ ವಾರ ಮೂರು ಸಲ ಅವರ ಫೋನು ಬೇರೆ. ಶಿಫ್ಟಿನಲ್ಲಿದ್ದೇನೆ ಎಂದು ಮೂರು ಸಲವೂ ಕಟ್ ಮಾಡಿದ್ದಳು. ಕೇಕಿನ ವಿಷಯವಲ್ಲದೆ ಇನ್ನೇನು?

ಪರದೆಯ ಮೇಲೆ ಜನವೋ ಜನ. ಹಿಲ್ಡಾರ ಕಣ್ಣು ಒದ್ದೆಯಾಗಿತ್ತು.

“ಆ ಬೀದಿಯಲ್ಲಿ ನನಗೆ ಒಂದು ಮುಖವೂ ಪರಿಚಯವಿಲ್ಲ,” ಎಂದರು.

ಲಕ್ಷ ಜನರಲ್ಲಿ ಪರಿಚಯದ ಮುಖ ಹುಡುಕುವ ಹುಚ್ಚಿಗೆ ಏನೆನ್ನಬೇಕು? ಶೀತಲ ತಲೆಯಾಡಿಸಿ, ಮೆಲ್ಲನೆ ಅರ್ಜಿ ಮುಂದಿಟ್ಟಳು. ಹಿಲ್ಡಾ ಕೊನೆಯ ಹಾಳೆಯನ್ನು ಓದಿ ಕನ್ನಡಕ ತೆಗೆದರು.

“ನನ್ನ ಸಹಿ ಈಗ ಯಾವುದಕ್ಕೆ ಬರುತ್ತದೆ, ಶೀತಲ? ಇದು ಮುಗಿಯಲಿ. ನಿನಗೆ ಒಂದು ಮಾತು ಹೇಳಬೇಕು.”

ಬಿಳಿಯರ ವಿನಯ. ಎರಡು ಸಲ ಬೇಡ ಎನ್ನುವುದು, ಮೂರನೆಯ ಸಲ ಪೆನ್ನು ಹಿಡಿಯುವುದು. ಮದುಮಕ್ಕಳು ಹೊರಗೆ ಬರಲಿ, ಮುದುಕಿ ಪೂರ್ತಿ ಕರಗಲಿ ಎಂದು ಶೀತಲ ಕಾದಳು.

ಹೆಂಗಸರು ಮದುವೆಯನ್ನು ತಮ್ಮ ತಮ್ಮಲ್ಲೇ ಅಳೆಯುತ್ತಿದ್ದರು. ಮದುಮಗಳ ಹಿಂದೆ ನೆಲ ಗುಡಿಸುತ್ತ ಹೋಗುವಷ್ಟು ಬಟ್ಟೆ ಯಾಕೆ ಎಂದು ಒಬ್ಬಳು ಕೇಳಿದರೆ, ಬಾಜಾ ಇಲ್ಲ, ಅಕ್ಷತೆ ಇಲ್ಲ, ಇದೆಂಥಾ ಮದುವೆ ಎಂದು ಇನ್ನೊಬ್ಬಳು. ಮುದಿ ಅಂಬವ್ವನಿಗಂತೂ ಟಿವಿ ಯಾವ ಕಡೆ ಇದೆ ಎಂಬುದೇ ಗೊತ್ತಿದ್ದಂತಿರಲಿಲ್ಲ. ಮೊದಲಿನಿಂದ ಹಿಲ್ಡಾರ ಮುಖವನ್ನೇ ನೋಡುತ್ತ ಕೂತಿದ್ದಳು.

ಮದುಮಕ್ಕಳು ಸಾರೋಟು ಹತ್ತಿದರು. ಶೀತಲ ಪೆನ್ನಿನ ಮುಚ್ಚಳ ತೆಗೆದು ಹಿಲ್ಡಾರ ಕೈಗೆ ಕೊಟ್ಟಳು.

ಅಷ್ಟರಲ್ಲಿ ಗದಿಗೆಮ್ಮ ಎದ್ದು ಟಿವಿ ಆರಿಸಿಬಿಟ್ಟಳು.

“ಹೊತ್ತಾಗೈತಿ. ಸ್ವಲ್ಪ ಸರಿಯವ್ವ,” ಎಂದು ಶೀತಲಳನ್ನು ಪಕ್ಕಕ್ಕೆ ಸರಿಸಿದಳು.

ಹನ್ನೊಂದು ಗಂಟುಗಳೂ ಬಿಚ್ಚಿಕೊಂಡವು. ಹೆಂಗಸರು ಹಿಲ್ಡಾರ ಕುರ್ಚಿಯನ್ನು ಸುತ್ತುವರಿದರು. ಮದುಮಗಳು ಕೈಗೆ ಸಿಗುವುದಿಲ್ಲವೆಂದು ಈಗ ಹೊಳೆದಿರಬೇಕು, ಸಿಕ್ಕ ಬಿಳಿಯ ಹೆಂಗಸಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದಾರೆ. ಶೀತಲ ಚುರುಕಾಗಿ ಇಂಗ್ಲಿಷಿನಲ್ಲಿ ಅನುವಾದಿಸಿದಳು: ಮದುಮಗಳ ಪರವಾಗಿ ತಾವು ಸ್ವೀಕರಿಸಬೇಕಂತೆ, ಮಿಸ್. ಒಂದೇ ನಿಮಿಷ.

ಹಿಲ್ಡಾ ಅವಳತ್ತ ನೋಡಲಿಲ್ಲ. ಸೀರೆಯ ಸೆರಗನ್ನು ಮುಂದಕ್ಕೆ ತಂದು ಮಡಿಲಲ್ಲಿ ಹರವಿಕೊಂಡರು. ಅಂಬವ್ವ ಅರಿಷಿಣ ಹಚ್ಚಲು ಬಂದಾಗ, ಇಪ್ಪತ್ತಾರು ವರ್ಷ ಅರಿಷಿಣ ಕುಂಕುಮ ಬೇಡವೆಂದು ಬೋಧಿಸಿದ ಆ ಹೆಂಗಸು ತಾವೇ ಕೆನ್ನೆ ಒಡ್ಡಿದರು.

ಶೀತಲಳಿಗೆ ಇನ್ನು ತಡೆಯಲಾಗಲಿಲ್ಲ.

“ಮದಲಗಿತ್ತಿ ಲಂಡನ್ನಿನಾಗ ಅದಾಳ, ಗದಿಗೆಮ್ಮಕ್ಕ. ಇವರ ಉಡಿಯಾಗ ಹಾಕಿದ್ರ ಅಕಿಗೆ ಮುಟ್ಟತೈತೇನು?”

ಗದಿಗೆಮ್ಮ ಅಕ್ಕಿ ಸುರಿಯುವುದನ್ನು ನಿಲ್ಲಿಸದೆಯೇ ಹೇಳಿದಳು:

“ಅಕಿ ಉಸಾಬರಿ ನಮಗ್ಯಾಕ? ಮಿಸ್ಸಮ್ಮನ್ನ ಅವರ ಸಂಘದಾವ್ರು ಯುಗಾದಿಗೇ ಕೆಲಸದಿಂದ ತಗದಾರ, ನಾಳಿ ಮುಂಜಾನಿ ವಿಮಾನ ಐತಿ. ತವರು ಬಿಟ್ಟು ಹೊಂಟ ನಮ್ಮ ಮಗಳಿಗೆ ಉಡಿ ತುಂಬಾಕತ್ತೀವಿ. ಇಷ್ಟು ದಿನ ಅವರ ಜೋಡಿ ಇದ್ದಾಕಿ, ನಿನಗ ಗೊತ್ತಿಲ್ಲೇನು?”