ಗುಮ್ಮಟದ ಆಕಾಶ

ತಾರಾಲಯದ ದೀಪಗಳು ಒಂದೊಂದಾಗಿ ಮಂಕಾಗತೊಡಗಿದಾಗ ಎಲ್ಲರೂ ತಲೆಯೆತ್ತಿ ಗುಮ್ಮಟ ನೋಡಿದರು. ಲಿಡಿಯಾ ಮಾತ್ರ ಮಗನ ಮುಖ ನೋಡಿದಳು. ಎಂಟು ವರ್ಷದ ಡೆರಿಲ್, ಅವಳಿಗೂ ಅವಳ ಅಣ್ಣ ಮೊರಿಸನಿಗೂ ನಡುವಿನ ಒರಗುಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದ. ಮೊರಿಸ್ ಬಿಳಿಯ ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಉಳಿದವರಂತೆ ತಾನೂ ತಲೆಯನ್ನು ಹಿಂದಕ್ಕೆ ಒರಗಿಸಿದ್ದ.

"ಕುರುಡನನ್ನು ನಕ್ಷತ್ರ ನೋಡ್ಲಿಕ್ಕೆ ಕರ್ಕೊಂಡು ಬಂದವಳು ಇಡೀ ಮಂಗಳೂರಲ್ಲಿ ನೀನೊಬ್ಬಳೇ ಮಾರಾಯ್ತಿ."

"ಎ.ಸಿ. ಉಂಟಲ್ಲ, ಸುಮ್ಮನೆ ಕೂತ್ಕೊ."

"ಅದು ಸರಿ. ಹೊರಗೆ ಸೆಕೆಯಲ್ಲಿ ಬೇಯುವುದಕ್ಕಿಂತ ಅಡ್ಡಿಯಿಲ್ಲ. ಗೊರಕೆ ಹೊಡೆದ್ರೆ ಎಬ್ಬಿಸ್ಬೇಡ."

ಡೆರಿಲ್ ಕಿಸಕ್ಕನೆ ನಕ್ಕ. ಲಿಡಿಯಾಳಿಗೆ ನಗು ಬರಲಿಲ್ಲ. ಮೊರಿಸನಿಗೆ ಶುರುವಾದದ್ದೂ ಇದೇ ವಯಸ್ಸಿಗೆ. ಮೊದಲು ಕತ್ತಲಲ್ಲಿ ಕಾಣದಾಯಿತು. ಆಮೇಲೆ ಹಗಲಿನ ನೋಟವೂ ಅಂಚಿನಿಂದ ಮುಚ್ಚುತ್ತ ಬಂತು. ನಲವತ್ತು ತುಂಬುವ ಮೊದಲೇ ಅವನು ಗೋದಾಮಿನ ಕೆಲಸ ಬಿಟ್ಟು ಮನೆ ಸೇರಿದ. ಈ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರಬಹುದು, ಮಗನನ್ನೊಮ್ಮೆ ಕರೆತನ್ನಿ ಎಂದು ಕಣ್ಣಿನ ಡಾಕ್ಟರು ಅವಳಿಗೆ ಹೇಳಿ ವರ್ಷವಾಗಿತ್ತು. ಅವಳು ಕರೆದೊಯ್ದಿರಲಿಲ್ಲ. ಬದಲಿಗೆ ಕಾಯುತ್ತಿದ್ದಳು, ಬೆಕ್ಕು ಬಿಲ ಕಾಯುವಂತೆ. ಕರೆಂಟು ಹೋದಾಗ ಹುಡುಗ ಗೋಡೆ ಸವರುತ್ತಾನೆಯೇ? ಮುಸ್ಸಂಜೆ ಹೊಸ್ತಿಲ ಬಳಿ ಚಪ್ಪಲಿ ಎಡವುತ್ತಾನೆಯೇ? ಸವರುತ್ತಿದ್ದ, ಎಡವುತ್ತಿದ್ದ. ಯಾವ ಮಕ್ಕಳು ಎಡವುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಕಾಶವನ್ನಾದರೂ ತೋರಿಸಿ ಕೇಳೋಣವೆಂದರೆ, ಪಣಂಬೂರಿನ ಅವರ ಮನೆಯ ಮೇಲೆ ಇರುಳಿಡೀ ಹಡಗುಕಟ್ಟೆಯ ದೀಪಗಳ ಕೆಂಪು ಮಬ್ಬು. ಅಲ್ಲಿ ಯಾರ ಕಣ್ಣಿಗೂ ನಕ್ಷತ್ರ ಬೀಳುವುದಿಲ್ಲ. ಹಾಗಾಗಿ ಇವತ್ತು, ಈ ಮಟಮಟ ಮಧ್ಯಾಹ್ನ, ಕತ್ತಲನ್ನು ಹುಡುಕಿಕೊಂಡು ಇಲ್ಲಿಗೆ ಬಂದದ್ದು. ಯಾಕೆಂದು ಅಣ್ಣನಿಗೂ ಹೇಳಿರಲಿಲ್ಲ. ಮಗನಿಗಂತೂ ಏನೂ ಗೊತ್ತಿಲ್ಲವೆಂದೇ ಅವಳ ನಂಬಿಕೆ.

ಕೊನೆಯ ದೀಪವೂ ಆರಿತು. ದೋಸೆ ಕಾವಲಿಯ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಗುಮ್ಮಟದ ತುಂಬ ಚುಕ್ಕಿಗಳೆದ್ದವು. ಮುಂದಿನ ಸಾಲಿನ ಶಾಲೆಮಕ್ಕಳು "ಓ!" ಎಂದರು. ತುಸು ತಡೆದು ಡೆರಿಲನೂ "ಓ!" ಎಂದ.

ಕೆಂಪಗೆ ಕಾಣುವ ನಕ್ಷತ್ರಗಳ ಕಾವು ಕಡಿಮೆ, ನೀಲಿಯವು ಬಹಳ ಬಿಸಿ, ನಮ್ಮ ಸೂರ್ಯನೂ ಒಂದು ನಕ್ಷತ್ರವೇ ಎಂದು ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ ವಿವರಿಸುತ್ತಿತ್ತು. ಲಿಡಿಯಾ ಮಗನ ಕಡೆ ಬಾಗಿದಳು.

"ಕಾಣ್ತದಾ ಪುತಾ?"

"ಹೂಂ ಮಮ್ಮಿ."

"ಎಂತ ಕಾಣ್ತದೆ, ಹೇಳು."

"ನಕ್ಷತ್ರ. ತುಂಬ ಉಂಟು. ಕೆಂಪು ಉಂಟು, ನೀಲಿ ಉಂಟು."

ಅವಳ ಎದೆಯ ಮೇಲಿಂದ ಅರೆಯುವ ಕಲ್ಲು ಇಳಿಸಿದಂತಾಯಿತು. ಮಗನ ತಲೆಯನ್ನು ಎಳೆದುಕೊಂಡು ಬೆವರು ಆರದ ಕೂದಲಿಗೆ ಮುತ್ತಿಟ್ಟಳು.

"ಮಮ್ಮಿ, ನಿಂಗೆ ಖುಷಿಯಾಯ್ತಾ?"

"ತುಂಬ ಖುಷಿ, ಪುತಾ."

ಆಮೇಲೆ ಅವಳು ಕಣ್ತುಂಬ ಗುಮ್ಮಟ ನೋಡಿದಳು. ಹೊಗೆಯ ಸುರುಳಿಯಂಥ ಗ್ಯಾಲಕ್ಸಿಗಳು ತೇಲಿ ಬಂದವು. ಒಂದೊಂದರಲ್ಲೂ ಕೋಟ್ಯಂತರ ನಕ್ಷತ್ರಗಳು. ಅವುಗಳ ನಡುವಿನ ಜಾಗವೇ ಹಿಗ್ಗುತ್ತಿದೆ. ದೂರ ಇದ್ದಷ್ಟೂ ಬೇಗ ದೂರವಾಗುತ್ತವೆ ಎಂದಿತು ದನಿ.

"ಹಾಗಾದ್ರೆ ನಮ್ಮ ಪಕ್ಕದ ಕಾವೂರೂ ಪಣಂಬೂರಿಂದ ದೂರ ಹೋಗ್ತಾ ಉಂಟು," ಎಂದ ಮೊರಿಸ್. "ರಿಕ್ಷಾದವ ಸುಮ್ಮನೆ ಜಾಸ್ತಿ ಕೇಳುವುದಲ್ಲ."

ತಾಯಿಯ ಮುತ್ತಿನಿಂದ ಉಬ್ಬಿಹೋಗಿದ್ದ ಡೆರಿಲನಿಗೆ ಈಗ ದನಿಯೂ ಬೇಡ, ಪಾಠವೂ ಬೇಡ. ಮಾವನ ಕುರ್ಚಿಯ ಕೈಗೆ ಒರಗಿ, ಅವನ ಕಿವಿಗೆ ಬಾಯಿ ಹಚ್ಚಿದ. "ಮಾಮ್, ನಿಮಗೆ ಕಾಣುದಿಲ್ಲ ಅಲ್ವಾ? ನಾನು ಹೇಳ್ತೇನೆ, ಕೇಳಿ..."

ದನಿ ಮುಂದುವರಿಯುತ್ತಿತ್ತು. ಊಹೆಗೂ ನಿಲುಕದಷ್ಟು ಕಾಲದ ನಂತರ ದೂರದ ಗ್ಯಾಲಕ್ಸಿಗಳೆಲ್ಲ ನಮ್ಮ ನೋಟದಾಚೆ ಸರಿದಿರುತ್ತವೆ. ಅವುಗಳ ಬೆಳಕು ಮತ್ತೆಂದೂ ನಮ್ಮನ್ನು ತಲುಪದು. ಆಮೇಲೆ ನಮ್ಮವೇ ನಕ್ಷತ್ರಗಳೂ ಉರಿದು ಮುಗಿಯುತ್ತವೆ. ಗುಮ್ಮಟದ ಚುಕ್ಕಿಗಳು ಅಂಚಿನಿಂದ ಅಳಿಯುತ್ತ ಬಂದವು. ನಡುನೆತ್ತಿಯಲ್ಲಿ ಉಳಿದ ಒಂದೂ ಆರಿತು. "ಆಗಿನ ಆಕಾಶ ಹೀಗಿರುತ್ತದೆ" ಎಂದು ದನಿ ನಿಂತಿತು. ತನ್ನ ಕೈ ತನಗೆ ಕಾಣದಂಥ ಕತ್ತಲು. ಗಲಾಟೆಯ ಮಕ್ಕಳೂ ಉಸಿರು ಹಿಡಿದರು.

ಆ ಮೌನದಲ್ಲಿ ಒಂದು ಪಿಸುಮಾತು ಮಾತ್ರ ನಿಂತಿರಲಿಲ್ಲ.

"...ನಿಮ್ಮ ತಲೆ ಮೇಲೆಯೇ ಒಂದು ದೊಡ್ಡ ನೀಲಿ ಉಂಟು ಮಾಮ್. ಅದರ ಹತ್ತಿರ ಸಣ್ಣ ಸಣ್ಣದು ರಾಶಿ. ಈಗ ಇನ್ನೂ ಜಾಸ್ತಿ ಬಂತು. ಎಷ್ಟು ಚಂದ ಗೊತ್ತುಂಟಾ!"

ಲಿಡಿಯಾ ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದಳು. ಮೇಲೆ ಏನೂ ಉಳಿದಿಲ್ಲವೆಂದು ದನಿ ಹೇಳಿದ್ದು ಮೊರಿಸನಿಗೂ ಕೇಳಿಸಿತ್ತು. ಮಾತಿಗೊಂದು ತಮಾಷೆ ಸೇರಿಸುವ ಅವನು ಈಗ ಕತ್ತಲಲ್ಲಿ ಅಳಿಯನ ಕೈಯನ್ನು ತಡವಿ ಹಿಡಿದುಕೊಂಡ.

"ಹೌದು ಪುತಾ," ಎಂದ, "ನನಗೂ ಕಾಣ್ತಾ ಉಂಟು."