ಮೂರನೆಯ ಮಂಜೂರಾತಿ ಪತ್ರ

“ಇದು ಪತ್ರವೇನ್ರೀ? ಹೋದ ವರ್ಷದ ಕ್ಯಾಲೆಂಡರು!”

ಮನೆ ಮಾರಲು ಕೂತಿದ್ದ ತಮ್ಮ, ಆ ಹಾಳೆಯನ್ನು ದಲ್ಲಾಳಿಯ ಕಡೆಗೆ ಎಸೆದ. ಮನೆ ಕೊಳ್ಳಲು ಬಂದವನಿಗೆ ಇಷ್ಟು ಸಾಲ ಕೊಡುತ್ತೇವೆಂದು ಬ್ಯಾಂಕು ಮೊದಲೇ ಬರೆದುಕೊಟ್ಟ ಪೂರ್ವ ಮಂಜೂರಾತಿ ಪತ್ರ ಅದು. ಅವಧಿ ಮುಗಿದು ಎರಡು ತಿಂಗಳಾಗಿತ್ತು. ಇನ್ನೊಬ್ಬ ಗಿರಾಕಿಯ ಪತ್ರಕ್ಕೂ ಅದೇ ಗತಿಯಾಯಿತು. ಸಂಬಳದ ಚೀಟಿ ಕೂಡ ನೋಡದೆ, ಗಿರಾಕಿ ಬಾಯಲ್ಲಿ ಹೇಳಿದ್ದನ್ನೇ ನಂಬಿ ಬ್ಯಾಂಕಿನವರು ಮೊತ್ತ ಬರೆದಿದ್ದರು.

“ಬಾಯಲ್ಲಿ ಹೇಳೋದಾದ್ರೆ ನಾನು ಅರಮನೇನೇ ಕೊಳ್ತೀನಿ!”

ಗಾಡಿ ಸಾಲದ ಕಚೇರಿಯಲ್ಲಿ ಹನ್ನೊಂದು ವರ್ಷ ಕುರ್ಚಿ ಬಿಸಿ ಮಾಡಿದವನಲ್ಲವೆ, ಕಾಗದ ಮೂಸಿದರೆ ಸಾಕು, ಮನುಷ್ಯನ ಯೋಗ್ಯತೆ ತಿಳಿಯುತ್ತದೆಂಬ ಜಂಬ ಅವನಿಗೆ.

ಅಕ್ಕ ಕಾಫಿ ತಂದಿಟ್ಟಳು. ಅಪ್ಪ ಹೋಗುವಾಗ ಮನೆಯನ್ನು ಮಗನ ಹೆಸರಿಗೆ ಬರೆದಿದ್ದರು. ಅವರ ಕೊನೆಯ ಏಳು ವರ್ಷ ಹಾಸಿಗೆ ಬದಲಿಸಿದ ಮಗಳಿಗೆ ಸಿಕ್ಕಿದ್ದು ಹಿಂದಿನ ಕೋಣೆ. ಅದೂ ತಮ್ಮನ ಕೃಪೆ. ಮನೆ ಮಾರಿದರೆ ಅದೂ ಹೋಯಿತು. ತಮ್ಮ ನೋಡಿಟ್ಟಿದ್ದ ಹೊಸ ಫ್ಲ್ಯಾಟಿನಲ್ಲಿ ನಾಯಿಗೆ ಜಾಗವಿತ್ತು, ಅಕ್ಕನಿಗೆ ಇರಲಿಲ್ಲ.

“ನಿಮ್ಮಕ್ಕ ಎಲ್ಲಿಗೆ ಹೋಗ್ತಾರೆ?” ದಲ್ಲಾಳಿ ಮೆಲ್ಲಗೆ ಕೇಳಿದ.

“ಆಸ್ಪತ್ರೇಲಿ ಬಟ್ಟೆ ಒಗೆಯೋಳಿಗೆ ಒಂದು ಬಾಡಿಗೆ ಕೋಣೆ ಸಿಗಲ್ವೇನ್ರೀ?”

ಅಕ್ಕ ಎದುರಿಗೇ ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯ ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿ ತೂಗುತ್ತಿತ್ತು. ಅಲ್ಲಿ ಅವಳ ಕೆಲಸವೇನೆಂದು ಈ ಮಹಾಶಯ ಒಂದು ದಿನವೂ ಕೇಳಿದವನಲ್ಲ.

“ಖಾಲಿ ಮಾಡೋಕೆ ಎಷ್ಟು ದಿನ ಕೊಡ್ತೀಯೋ?” ಎಂದಳು ಅಕ್ಕ.

“ನೋಂದಣಿ ಆದ್ಮೇಲೆ ಹದಿನೈದು ದಿನ. ಒಂದು ದಿನವೂ ಜಾಸ್ತಿ ಇಲ್ಲ.”

“ಯಾರೇ ಆದ್ರೂನಾ?”

“ಯಾರೇ ಆದ್ರೂ!”

“ಹಾಗಂತಲೇ ಕ್ರಯಪತ್ರದಲ್ಲಿ ಬರೆಸಿಬಿಡು. ಆಮೇಲೆ ಮಾತು ಬೇಡ.”

ತಮ್ಮ ದಲ್ಲಾಳಿಗೆ ಕಣ್ಣು ಹೊಡೆದ. ಹೋಗುವವಳಿಗೇ ಅವಸರ, ಪೀಡೆ ತಾನಾಗಿಯೇ ತೊಲಗಿತು ಎಂಬ ಸಂತೋಷ.

ಮುಂದಿನ ವಾರ ಮೂರನೆಯ ಪತ್ರ ಬಂತು. ಎಲ್ಲ ಪತ್ರಗಳಲ್ಲಿದ್ದಂತೆ ಇದರಲ್ಲೂ ಹೆಸರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿತ್ತು. ಕೊಳ್ಳುವವರು, ಮಾರುವವರು ತಮ್ಮಲ್ಲೇ ಮಾತಾಡಿಕೊಂಡು ಕಮಿಷನ್‌ಗೆ ಕೈಕೊಡುತ್ತಾರೆಂದು ದಲ್ಲಾಳಿ ಕೊನೆಯ ದಿನದವರೆಗೆ ಯಾರ ಹೆಸರನ್ನೂ ಬಿಡುತ್ತಿರಲಿಲ್ಲ.

ತಮ್ಮ ಕನ್ನಡಕ ಏರಿಸಿದ. ತಾರೀಕು ಮೊನ್ನೆಯದು. ಸಂಬಳದ ಚೀಟಿ, ತೆರಿಗೆ ಕಾಗದ, ಉಳಿತಾಯ ಎಲ್ಲವನ್ನೂ ಬ್ಯಾಂಕು ನೋಡಿತ್ತು. ಬಹಳ ವರ್ಷಗಳಿಂದ ಒಂದೇ ಕೆಲಸ, ಬೇರೆ ಸಾಲವಿಲ್ಲ, ಬೆಲೆಯ ಅರ್ಧದಷ್ಟು ಕೈಯಲ್ಲೇ ಇದೆ. ಹುಳುಕು ಸಿಗಲಿಲ್ಲವೆಂದು ಹೊಟ್ಟೆ ಉರಿದು ಬ್ಯಾಂಕಿಗೇ ಫೋನ್ ಹಚ್ಚಿ ಪತ್ರದ ಸಂಖ್ಯೆ ಹೇಳಿದ.

“ಕಣ್ಣು ಮುಚ್ಚಿ ಕೊಡಿ ಸಾರ್,” ಎಂದರು ಅಧಿಕಾರಿ. “ಇಂಥವರು ಸಿಗೋದೇ ಅಪರೂಪ.”

“ನೋಡಕ್ಕಾ, ಮನುಷ್ಯರು ಅಂದ್ರೆ ಇವರು!” ತಮ್ಮ ಪತ್ರವನ್ನು ಅವಳ ಮೂಗಿನ ಮುಂದೆ ಆಡಿಸಿದ. “ಇಂಥವರ ಕಾಲು ತೊಳೆದು ನೀರು ಕುಡೀಬೇಕು ನೀನು.”

“ಅಷ್ಟೆಲ್ಲ ಯಾಕೋ,” ಎಂದು ಅಕ್ಕ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅಂದೇ ದಲ್ಲಾಳಿಯ ಕೈಯಿಂದ ಮುಂಗಡ ತೆಗೆದುಕೊಂಡ. ಮರುದಿನ ಅದನ್ನು ಫ್ಲ್ಯಾಟಿಗೆ ಕಟ್ಟಿದ. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ನೋಂದಣಿಯ ದಿನ ಬೆಳಿಗ್ಗೆ ಅಕ್ಕನನ್ನೂ ವಕೀಲರ ಕಚೇರಿಗೆ ಎಳೆದುಕೊಂಡು ಬಂದ. ನಾಳೆ ಪಾಲು ಗೀಲು ಎಂದು ತಕರಾರು ತೆಗೆಯಬಾರದಲ್ಲ, ಸಾಕ್ಷಿ ಹಾಕಿಸಿಬಿಟ್ಟರೆ ಬಾಯಿಗೆ ಬೀಗ ಬಿದ್ದಂತೆ ಎಂದು ಅವನ ಲೆಕ್ಕ. ಅವಳು ತಕರಾರಿಲ್ಲದೆ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ವಕೀಲರು ಕ್ರಯಪತ್ರ ಬಿಡಿಸಿಟ್ಟರು. “ಮೊದ್ಲು ಕೊಳ್ಳೋರ ಸಹಿ ಆಗ್ಲಿ.”

ತಮ್ಮ ಕಾಲರ್ ಸರಿಮಾಡಿಕೊಂಡು, ಮುಖದ ತುಂಬ ನಗು ತಂದುಕೊಂಡು ಬಾಗಿಲ ಕಡೆ ತಿರುಗಿದ. ಯಾರೂ ಬರಲಿಲ್ಲ. ಇತ್ತ ತಿರುಗುವಷ್ಟರಲ್ಲಿ ಅಕ್ಕ ಪೆನ್ನು ತೆಗೆದುಕೊಂಡು ದುಂಡಗೆ ಸಹಿ ಹಾಕಿಯಾಗಿತ್ತು.

“ಅಯ್ಯೋ ನಿನ್ನ! ಅದು ಕೊಳ್ಳೋರ ಜಾಗ ಅಕ್ಕಾ, ಸಾಕ್ಷಿ ಹಾಕೋದು ಕೆಳಗೆ! ಬಟ್ಟೆ ಒಗೆಯೋರ ಕೈಗೆ ಪೆನ್ನು ಕೊಟ್ರೆ ಇನ್ನೇನಾಗುತ್ತೆ? ವಕೀಲರೇ, ಬೇರೆ ಹಾಳೆ ತೆಗೀರಿ.”

ವಕೀಲರು ಪತ್ರವನ್ನು ಅವನ ಕಡೆ ತಿರುಗಿಸಿದರು. “ಸರಿಯಾದ ಜಾಗಕ್ಕೇ ಹಾಕಿದ್ದಾರೆ. ಈಗ ನೀವು ಹಾಕಿ.”