ಮೂವರ ಒಂದೇ ಉಸಿರು

ಅಭ್ಯಾಸದ ಕೋಣೆಗೆ ಕಾಲಿಟ್ಟ ಕೂಡಲೇ ಮುದಿ ಸೌಂಡ್ ಎಂಜಿನಿಯರನಿಗೆ ಅನಿಸಿತು: ಇದು ನೆಟ್ಟಗಾಗುವ ಕೆಲಸವಲ್ಲ.

ಮೂವರು ಮುದುಕರು ಮೂರು ಮೂಲೆ ಹಿಡಿದು ಕೂತಿದ್ದರು. ಗಿಟಾರಿನವನು ತಂತಿ ಬಿಗಿಯುತ್ತಿದ್ದ. ಕೀಬೋರ್ಡಿನವನು ಆಗಲೇ ಒರೆಸಿದ್ದ ಕನ್ನಡಕವನ್ನು ಮತ್ತೆ ಒರೆಸುತ್ತಿದ್ದ. ಡ್ರಮ್ಮಿನವನು ಗೋಡೆ ನೋಡುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ನಲವತ್ತು ವರ್ಷ ಆದ್ರೂ ಸಿಟ್ಟು ಇಳಿದಿಲ್ಲ ನೋಡಿ ಸರ್," ಕಾರ್ಯಕ್ರಮದ ಸಂಘಟಕಿ ಪಿಸುಗುಟ್ಟಿದಳು. "ಅವತ್ತು ಅವರನ್ನ ಒಂದು ಮಾಡಿದ್ದು ನೀವೇ ಅಂತೆ. ಇವತ್ತೊಂದು ದಿನ ಮತ್ತೆ ಮಾಡಿಬಿಡಿ."

"ಅವತ್ತು ಸುಲಭ ಇತ್ತಮ್ಮ," ಎಂದ ಎಂಜಿನಿಯರ್.

ಅವಳ ತಪ್ಪೇನಿಲ್ಲ. ಈ ಮೂವರು ನುಡಿಸಿದ್ದ, ಮಾತಿಲ್ಲದ, ಬರೀ ವಾದ್ಯಗಳ ರಾಕ್ ಆಲ್ಬಮ್ ಕೇಳಿ ಎರಡು ತಲೆಮಾರು ಗಿಟಾರ್ ಹಿಡಿದಿತ್ತು. ಅದರ ಮೇಲೆ ದಪ್ಪ ಪುಸ್ತಕಗಳೇ ಬಂದಿದ್ದವು. 'ಮೂರು ದೇಹ, ಒಂದೇ ಉಸಿರು' ಎಂಬ ಮಾತಂತೂ ಎಲ್ಲರ ಬಾಯಲ್ಲಿ. ಆದರೆ ಮೂವರೂ ಒಟ್ಟಿಗೆ ವೇದಿಕೆ ಹತ್ತಲೇ ಇಲ್ಲ. ದೊಡ್ಡ ಜಗಳವಾಗಿರಬೇಕೆಂದು ಜನ ತಾವೇ ತೀರ್ಮಾನಿಸಿದರು. ಬಾಯಿ ಬಿಡುವುದಿಲ್ಲವೆಂದು ರೆಕಾರ್ಡಿಂಗ್ ಕಂಪನಿಗೆ ಮಾತು ಕೊಟ್ಟಿದ್ದ ಎಂಜಿನಿಯರ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನಿದ್ದೂ ಸುಮ್ಮನಿದ್ದೂ ಸುಸ್ತಾಗಿದ್ದ.

ಗಿಟಾರಿನವನು ಅವನನ್ನು ಬಾಗಿಲ ಬಳಿ ಕರೆದ. "ಎರಡನೇ ಭಾಗ ಶುರುವಾಗುವಾಗ ನಾನು ಯಾರ ಕಡೆ ನೋಡ್ಲಿ?"

"ಡ್ರಮ್ ಕಡೆ."

"ಅವರು ತಿರುಗಿ ನೋಡ್ತಾರಾ?"

ಎಂಜಿನಿಯರ್ ಅವನ ಭುಜ ತಟ್ಟಿದ, ಅಷ್ಟೇ.

ಸಂಜೆ ಐದಕ್ಕೆ ಸಭಾಂಗಣ ತುಂಬಲಿತ್ತು. ಮೂವರೂ ಅಭ್ಯಾಸ ಶುರುಮಾಡಿದರು. ಹತ್ತೇ ಸೆಕೆಂಡಿಗೆ ಎಡವಿದರು. ಎರಡನೇ ಸಲವೂ ಅದೇ ಕತೆ. ಮೂರನೇ ಸಲಕ್ಕೆ ಡ್ರಮ್ಮಿನವನು ಕೋಲುಗಳನ್ನು ಕೆಳಗಿಟ್ಟ.

"ನನ್ನ ಕೈಲಿ ಆಗಲ್ಲ. ಜನಕ್ಕೆ ಬೇಕಿರೋದು ಆ ಒಂದೇ ಉಸಿರು. ಅದನ್ನ ನಾನು ಎಲ್ಲಿಂದ ತರ್ಲಿ?"

ಸಂಘಟಕಿಯ ಕಣ್ಣಲ್ಲಿ ನೀರಾಡಿತು. "ಕೈ ಮುಗಿದು ಕೇಳ್ಕೋತೀನಿ. ಹಳೇದೆಲ್ಲ ಮರೆತುಬಿಡಿ."

ಮೂವರೂ ತಲೆತಗ್ಗಿಸಿದರು.

ಆಗ ಕೀಬೋರ್ಡಿನವನು ಮಂಡಿ ಹಿಡಿದುಕೊಂಡು ಎದ್ದ. ನಿಧಾನವಾಗಿ ಕೋಣೆ ದಾಟಿ ಡ್ರಮ್ಮಿನವನ ಮುಂದೆ ನಿಂತು ಕೈ ಚಾಚಿದ. ಸಂಘಟಕಿಯ ಮುಖ ಅರಳಿತು. ಅಂತೂ ರಾಜಿಯಾಯಿತು!

"ಅವತ್ತು ನೀವು ಬಾರಿಸಿ ಹೋದ ಮೇಲೆ, ಆ ಟೇಪ್ ಕೇಳ್ತಾ ಸ್ಟುಡಿಯೋದಲ್ಲಿ ನಾನೊಬ್ಬನೇ ಕೂತು ನುಡಿಸಿದ್ದೆ ಸರ್," ಎಂದ ಕೀಬೋರ್ಡಿನವನು. "ನಿಮ್ಮಿಬ್ಬರನ್ನೂ ನೋಡ್ತಿರೋದು ಇವತ್ತೇ ಮೊದಲು."